ಐದು ಎಂದರೆ ಯಾವ ಐದು?

ಕ್ಲಿಪ್ಪರ್, ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ಭಾಷೆಗಳ ಕಾಲದ ಪ್ರೋಗ್ರಾಂಗಳು ಸತ್ತುಹೋದವೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಮಂಡಿಯ ಖಾತೆ, ಸಹಕಾರ ಸಂಘದ ಸಾಲದ ಲೆಡ್ಜರ್, ಹಾರ್ಡ್‌ವೇರ್ ಅಂಗಡಿಯ ಬಿಲ್ಲು ಇವುಗಳ ಹಿಂದೆ ಅವು ಇನ್ನೂ ದುಡಿಯುತ್ತಿರುವುದನ್ನು ನಾನು ದಿನವೂ ನೋಡುತ್ತೇನೆ. ಅವುಗಳನ್ನು ನೋಡಿಕೊಳ್ಳುವುದು ನನ್ನ ಕಸುಬಿನ ಒಂದು ಭಾಗ. ಏನಾದರೂ ಕೆಟ್ಟಾಗ ಫೋನಿನಲ್ಲಿ ಮೊದಲು ಕೇಳಿಬರುವುದು ಒಂದು ಸಂಖ್ಯೆ. "ಸರ್, ಐದು ಬಂದಿದೆ." "ಸರ್, ಮೂವತ್ತೆರಡು ತೋರಿಸುತ್ತಿದೆ, ಏನು ಮಾಡಲಿ?" ಸಂಖ್ಯೆ ಹೇಳಿಬಿಟ್ಟರೆ ತೊಂದರೆ ಹೇಳಿದಂತಾಯಿತು ಎಂಬ ಭರವಸೆ ಆ ದನಿಯಲ್ಲಿರುತ್ತದೆ. ಎಷ್ಟೋ ಪ್ರೋಗ್ರಾಮರುಗಳಲ್ಲೂ ಅದೇ ಭರವಸೆ ಇದೆ. ಪಟ್ಟಿ ತೆಗೆಯುತ್ತಾರೆ, ಸಂಖ್ಯೆಯ ಎದುರಿಗಿರುವ ಅರ್ಥ ಓದುತ್ತಾರೆ, ಕೆಲಸಕ್ಕೆ ಕೈಹಾಕುತ್ತಾರೆ.

ನಾನು ಆ ಪಟ್ಟಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಆ ಐದನ್ನು ಹೇಳಿದ್ದು ಯಾರು? ಬೀದಿಯ ಹೆಸರಿಲ್ಲದ ಮನೆ ನಂಬರಿನಿಂದ ಯಾರನ್ನೂ ಹುಡುಕಲಾಗದು. ಎರರ್ ಸಂಖ್ಯೆಯದೂ ಅದೇ ಪಾಡು. ಅದನ್ನು ಯಾವ ಪದರ (ಯಂತ್ರವೋ, ಆಪರೇಟಿಂಗ್ ಸಿಸ್ಟಮೋ, ಭಾಷೆಯೋ) ಹೇಳಿತು, ಯಾವ ಕೆಲಸ ಮಾಡಹೊರಟಾಗ ಹೇಳಿತು ಎಂಬುದು ಗೊತ್ತಿಲ್ಲದೆ ಅರ್ಥ ಹಚ್ಚಿದರೆ, ಅರ್ಥ ತಪ್ಪುವುದರ ಜೊತೆಗೆ ಫೈಲೂ ಹಾಳಾಗಬಹುದು.

ಈ ಸಂಖ್ಯೆಗಳ ಹುಟ್ಟೂರು ಡಾಸ್, ವಿಂಡೋಸ್‌ಗೂ ಮೊದಲಿನ ಆಪರೇಟಿಂಗ್ ಸಿಸ್ಟಮ್. 1983ರಲ್ಲಿ ಬಂದ ಎಂಎಸ್-ಡಾಸ್ 2.0 ಫೈಲುಗಳಿಗೆ ಹ್ಯಾಂಡಲ್ ಪದ್ಧತಿಯನ್ನು, ಎಂದರೆ ತೆರೆದ ಪ್ರತಿ ಫೈಲಿಗೂ ಒಂದು ಗುರುತಿನ ಸಂಖ್ಯೆ ಕೊಡುವ ಪದ್ಧತಿಯನ್ನು, ತಂದಿತು. ಪ್ರೋಗ್ರಾಂ ಇಂಟರಪ್ಟ್ 21 ಎಂಬ ಡಾಸ್ ಕರೆಯ ಮೂಲಕ ಫೈಲು ತೆರೆಯಲು ಕೇಳುತ್ತದೆ. ತೆರೆದರೆ ಪ್ರೊಸೆಸರಿನೊಳಗಿನ ಎಎಕ್ಸ್ ಎಂಬ ರಿಜಿಸ್ಟರಿನಲ್ಲಿ ಹ್ಯಾಂಡಲ್ ಸಿಗುತ್ತದೆ. ತೆರೆಯದಿದ್ದರೆ ಕ್ಯಾರಿ ಫ್ಲ್ಯಾಗ್ ಎಂಬ ಸೋಲಿನ ಗುರುತು ಏಳುತ್ತದೆ, ಅದೇ ಎಎಕ್ಸ್‌ನಲ್ಲಿ ಎರರ್ ಸಂಖ್ಯೆ ಕುಳಿತಿರುತ್ತದೆ. ಫೈಲು ಸಿಗಲಿಲ್ಲ ಎಂದರೆ 2, ದಾರಿ ಸಿಗಲಿಲ್ಲ ಎಂದರೆ 3, ಹ್ಯಾಂಡಲುಗಳು ಮುಗಿದಿದ್ದರೆ 4, ಪ್ರವೇಶವಿಲ್ಲ ಎಂದರೆ 5, ಕೊಟ್ಟ ಹ್ಯಾಂಡಲೇ ಸರಿಯಿಲ್ಲ ಎಂದರೆ 6. ಮರುವರ್ಷ, 1984ರಲ್ಲಿ, ಡಾಸ್ 3.0 ನೆಟ್‌ವರ್ಕಿನ ಕಾಲಕ್ಕೆ ಬೇಕಾದ 32 ಮತ್ತು 33ನ್ನು ಸೇರಿಸಿತು: ಬೇರೊಬ್ಬರು ಫೈಲನ್ನು ಹಿಡಿದುಕೊಂಡಿದ್ದಾರೆ, ಬೇರೊಬ್ಬರು ಅದರ ಒಂದು ಭಾಗಕ್ಕೆ ಬೀಗ ಹಾಕಿದ್ದಾರೆ. ಡಿಸ್ಕಿಗೆ ಬರೆಯದಂತೆ ತಡೆ ಹಾಕಿದೆ, ಡ್ರೈವ್ ಸಿದ್ಧವಿಲ್ಲ, ಓದಿದ್ದು ತಾಳೆಯಾಗುತ್ತಿಲ್ಲ ಎಂಬ 19, 21, 23 ಯಂತ್ರಾಂಶದ ಕಡೆಯಿಂದ ಬರುವವು. "ಅಬಾರ್ಟ್, ರಿಟ್ರೈ, ಫೇಲ್?" ಎಂದು ಡಾಸ್ ಕೇಳುತ್ತಿದ್ದ ಹೊತ್ತಿನ ಸಂಖ್ಯೆಗಳವು.

ಕ್ಲಿಪ್ಪರ್, ಫಾಕ್ಸ್‌ಪ್ರೊ ಹುಟ್ಟಿದ ಡಿಬೇಸ್ ಕುಟುಂಬ ಇದರ ಮೇಲೆ ಬಂದು ಕುಳಿತಿತು. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ವೇಯ್ನ್ ರ್‍ಯಾಟ್ಲಿಫ್ ಬರೆದ ವಲ್ಕನ್ ಎಂಬ ಪ್ರೋಗ್ರಾಂ ಆಷ್ಟನ್-ಟೇಟ್ ಕಂಪನಿಯ ಕೈಯಲ್ಲಿ ಡಿಬೇಸ್ 2 ಆಯಿತು. ಆಮೇಲೆ ಅದೇ ಭಾಷೆಗೆ ಕಂಪೈಲರಾಗಿ ನ್ಯಾಂಟಕೆಟ್‌ನವರ ಕ್ಲಿಪ್ಪರ್ 1985ರಲ್ಲಿ ಬಂತು. ಒಹಾಯೋ ರಾಜ್ಯದ ಫಾಕ್ಸ್ ಸಾಫ್ಟ್‌ವೇರ್‌ನವರು ಫಾಕ್ಸ್‌ಬೇಸ್, ಫಾಕ್ಸ್‌ಪ್ರೊ ತಂದರು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಕಂಪ್ಯೂಟರ್ ಕೋರ್ಸ್ ಎಂದರೆ ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂದೇ ಅರ್ಥವಿತ್ತು. ಬೆಂಗಳೂರಿನಿಂದ ತಾಲ್ಲೂಕು ಕೇಂದ್ರದವರೆಗೆ ಕಲಿತವರು ಬರೆದ ಕೋಡು ಈಗ ನಾನು ಓದುತ್ತಿರುವ ಕೋಡು. ಅದರ ಬಗ್ಗೆ ನನಗೆ ಗೌರವವಿದೆ. 640 ಕೆಬಿ ಮೆಮೊರಿಯೊಳಗೆ ಒಂದು ಸಂಘದ ಇಡೀ ವ್ಯವಹಾರವನ್ನು ಕೂರಿಸಿದವರು ಅವರು.

ಕ್ಲಿಪ್ಪರಿನಲ್ಲಿ ಎಫ್‌ಎರರ್ ಎಂಬ ಫಂಕ್ಷನ್ ಡಾಸ್ ಕೊಟ್ಟ ಸಂಖ್ಯೆಯನ್ನು ಹಾಗೆಯೇ ಕೈಗಿಡುತ್ತದೆ. ಫಾಕ್ಸ್‌ಪ್ರೊದಲ್ಲೂ ಅದೇ ಹೆಸರಿನ ಫಂಕ್ಷನ್ ಇದೆ. ಆದರೆ ಅದರ ಕೈಪಿಡಿಯಲ್ಲಿ ಕೊಟ್ಟಿರುವ ಪಟ್ಟಿ ಚಿಕ್ಕದು, ಅರ್ಥವೂ ಎಲ್ಲ ಕಡೆ ಡಾಸಿನದೇ ಅಲ್ಲ. ಡಾಸ್‌ನಲ್ಲಿ 29 ಎಂದರೆ ಬರೆಯುವಾಗ ಸಾಧನದಲ್ಲಾದ ದೋಷ. ಫಾಕ್ಸ್‌ಪ್ರೊ ಕೈಪಿಡಿ 29ರ ಎದುರಿಗೆ ಡಿಸ್ಕ್ ತುಂಬಿದೆ ಎಂದು ಬರೆಯುತ್ತದೆ. ಒಂದು ಅರ್ಥದಲ್ಲಿ ಹಾರ್ಡ್ ಡಿಸ್ಕ್ ಬದಲಿಸಬೇಕು, ಇನ್ನೊಂದರಲ್ಲಿ ಹಳೆಯ ಬ್ಯಾಕಪ್ಪುಗಳನ್ನು ಅಳಿಸಿದರೆ ಸಾಕು. ಸಂಖ್ಯೆ ಮಾತ್ರ ಒಂದೇ.

ಇದಕ್ಕಿಂತ ದೊಡ್ಡ ಗೊಂದಲ ಒಂದೇ ಭಾಷೆಯ ಒಳಗಿದೆ. ಫಾಕ್ಸ್‌ಪ್ರೊದಲ್ಲಿ ಎಫ್‌ಎರರ್ ಒಂದು, ಎರರ್ ಇನ್ನೊಂದು. ಮೊದಲನೆಯದು ಎಫ್‌ಓಪನ್, ಎಫ್‌ರೈಟ್‌ನಂಥ ಕೆಳಮಟ್ಟದ ಫೈಲ್ ಕೆಲಸಗಳಿಗೆ. ಎರಡನೆಯದು ಯೂಸ್, ರಿಪ್ಲೇಸ್, ಸೀಕ್‌ನಂಥ ಡೇಟಾಬೇಸ್ ಆಜ್ಞೆಗಳಿಗೆ. ಎಫ್‌ಎರರ್ 5 ಎಂದರೆ ಪ್ರವೇಶವಿಲ್ಲ. ಎರರ್ 5 ಎಂದರೆ ರೆಕಾರ್ಡ್ ಸಂಖ್ಯೆ ವ್ಯಾಪ್ತಿಯ ಹೊರಗಿದೆ. ಇಂಡೆಕ್ಸ್ ಫೈಲು, ಎಂದರೆ ರೆಕಾರ್ಡುಗಳನ್ನು ಬೇಗ ಹುಡುಕಲು ಇರುವ ಸೂಚಿ, ಟೇಬಲ್ಲಿಗಿಂತ ಮುಂದೆ ಹೋಗಿದ್ದರೆ ಇದೇ ಬರುತ್ತದೆ. ಹ್ಯಾಂಡಲ್ ಮುಗಿದದ್ದಕ್ಕೆ ಎಫ್‌ಎರರ್ 4 ಎನ್ನುತ್ತದೆ, ಎರರ್ 6 ಎನ್ನುತ್ತದೆ. ಎಫ್‌ಎರರ್‌ನ 6 ತಪ್ಪು ಹ್ಯಾಂಡಲ್. ಎರರ್‌ನ 4 ಫೈಲಿನ ಕೊನೆ ಮುಟ್ಟಿದೆ ಎಂಬ ಸುದ್ದಿ. ಅದೇ ಕಾಲದ ಬಿಟ್ರೀವ್ ಎಂಬ ಡೇಟಾಬೇಸ್ ಬಳಸಿದ ಪ್ರೋಗ್ರಾಂ ಆಗಿದ್ದರೆ 5 ಎಂದರೆ ಇರುವ ಕೀಲಿಯನ್ನೇ ಮತ್ತೆ ಸೇರಿಸಹೊರಟಿದ್ದೀರಿ ಎಂದು, 2 ಎಂದರೆ ಓದುವ-ಬರೆಯುವ ದೋಷವೆಂದು. ಡಾಸ್‌ನ 2 ನೋಡಿ ರೂಢಿಯಾದವರು "ಫೈಲ್ ಇಲ್ಲ ಅಷ್ಟೇ" ಎಂದು ಹೇಳಿ, ಸಾಯುತ್ತಿರುವ ಡಿಸ್ಕಿನ ಎದುರು ನಿಶ್ಚಿಂತೆಯಿಂದ ಕುಳಿತಿರಬಹುದು.

ಕ್ಲಿಪ್ಪರ್ 5 ಎರರ್ ಎಂಬುದನ್ನೇ ಒಂದು ಆಬ್ಜೆಕ್ಟ್ ಮಾಡಿತು. ಆ ಕಾಲಕ್ಕೆ ಬಹಳ ಮುಂದಿದ್ದ ಯೋಚನೆ ಅದು. ಅದರಲ್ಲಿ ಜೆನ್‌ಕೋಡ್ ಎಂಬುದು ಕ್ಲಿಪ್ಪರಿನ ಸ್ವಂತ ವರ್ಗೀಕರಣ, ಓಎಸ್‌ಕೋಡ್ ಎಂಬುದು ಡಾಸ್‌ನ ಸಂಖ್ಯೆ, ಸಬ್‌ಸಿಸ್ಟಮ್ ಎಂಬುದು ದೂರು ಕೊಟ್ಟ ಭಾಗದ ಹೆಸರು, ಸಬ್‌ಕೋಡ್ ಆ ಭಾಗದ ಸ್ವಂತ ಸಂಖ್ಯೆ. ಪರದೆಯ ಮೇಲೆ "ಡಿಬಿಎಫ್‌ಎನ್‌ಟಿಎಕ್ಸ್/1001 ಓಪನ್ ಎರರ್, ಡಾಸ್ ಎರರ್ 2" ಎಂದು ಬಂದರೆ (ಮೊದಲ ಹೆಸರು ಟೇಬಲ್, ಇಂಡೆಕ್ಸ್ ನೋಡಿಕೊಳ್ಳುವ ಭಾಗದ್ದು) ಎರಡು ಪದರಗಳ ಮಾತು ಒಂದೇ ಸಾಲಿನಲ್ಲಿ ಬಂದಿದೆ: ಮೇಲಿನವನು ತೆರೆಯಲಾಗಲಿಲ್ಲ ಎನ್ನುತ್ತಿದ್ದಾನೆ, ಕೆಳಗಿನವನು ಏಕೆಂದರೆ ಫೈಲೇ ಇಲ್ಲ ಎನ್ನುತ್ತಿದ್ದಾನೆ. ಸಂಖ್ಯೆಯ ಜೊತೆಗಿನ ಸಬ್‌ಸಿಸ್ಟಮ್ ಹೆಸರನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1003 ಸಾಕು. ಡಿಬಿಎಫ್‌ಎನ್‌ಟಿಎಕ್ಸ್/1003 ತೆರೆಯುವಾಗಿನ ದೋಷ. ಭಾಷೆಯ ಮೂಲಭಾಗ ಕೊಡುವ ಬೇಸ್/1003 ಎಂದರೆ ಆ ಹೆಸರಿನ ವೇರಿಯಬಲ್ಲೇ ಇಲ್ಲ ಎಂದು.

ಈಗ ಮೂವತ್ತೆರಡರ ಮಾತು. ಡಾಸ್‌ನ ಪ್ರಕಾರ 32 ಎಂದರೆ ಹಂಚಿಕೆಯ ತಕರಾರು. ಫೈಲು ಚೆನ್ನಾಗಿದೆ, ಬೇರೆ ಯಂತ್ರದವರು ಅದನ್ನು ಹಿಡಿದಿದ್ದಾರೆ, ಸ್ವಲ್ಪ ಕಾಯಬೇಕು. ಕ್ಲಿಪ್ಪರಿನ ಜೆನ್‌ಕೋಡ್ ಪಟ್ಟಿಯಲ್ಲಿ, ಎರರ್.ಸಿಎಚ್ ಎಂಬ ಹೆಡರ್ ಫೈಲಿನಲ್ಲಿ, 32 ಎಂದರೆ ಡೇಟಾ ಕೆಟ್ಟುಹೋಗಿದೆ. ಒಂದು ಕಡೆ ಎರಡು ನಿಮಿಷದ ತಾಳ್ಮೆ, ಇನ್ನೊಂದು ಕಡೆ ರಿಪೇರಿ ಕೆಲಸ. ಒಂದು ವ್ಯಾಪಾರಿ ಕಚೇರಿಯಲ್ಲಿ ಇದು ನಿಜವಾಗಿಯೂ ನಡೆಯಿತು. ಮೂಲ ಪ್ರೋಗ್ರಾಂ ಬರೆದವರು ತಮ್ಮದೇ ಎರರ್ ಹ್ಯಾಂಡ್ಲರ್ ಹಾಕಿ, ಪರದೆಯಲ್ಲಿ "ಎರರ್ ನಂ. 32" ಎಂದಷ್ಟೇ ತೋರಿಸುವಂತೆ ಮಾಡಿದ್ದರು. ಆ ಸಂಖ್ಯೆ ಬಂದದ್ದು ಓಎಸ್‌ಕೋಡ್‌ನಿಂದ. ವರ್ಷಗಳ ಮೇಲೆ ಅದನ್ನು ನೋಡಲು ಬಂದ ತಂತ್ರಜ್ಞ ಶ್ರದ್ಧೆಯವನೇ. ಮೂಲ ಕೋಡಿನ ಜೊತೆಗಿದ್ದ ಎರರ್.ಸಿಎಚ್ ತೆರೆದು 32ನ್ನು ಹುಡುಕಿದ, ಡೇಟಾ ಕೆಟ್ಟಿದೆ ಎಂದು ಓದಿಕೊಂಡ, ಹಿಂದಿನ ವಾರದ ಬ್ಯಾಕಪ್ಪನ್ನು ಅದರ ಮೇಲೆ ಹಾಕಿದ. ಅಷ್ಟು ಹೊತ್ತಿಗೆ ಪಕ್ಕದ ಕೋಣೆಯಲ್ಲಿ ವರದಿ ಮುದ್ರಿಸುತ್ತಿದ್ದವರು ಕೆಲಸ ಮುಗಿಸಿ ಎದ್ದಿದ್ದರು, ಆದ್ದರಿಂದ ಫೈಲು ತೆರೆಯಿತು. ಬ್ಯಾಕಪ್ಪೇ ಕೆಲಸ ಮಾಡಿತೆಂದು ಎಲ್ಲರಿಗೂ ಅನಿಸಿತು. ನಡುವಿನ ದಿನಗಳ ವ್ಯಾಪಾರ ಖಾತೆಯಿಂದ ಮಾಯವಾಗಿತ್ತು. ಕಾಗದದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮತ್ತೆ ನಮೂದಿಸಬೇಕಾಯಿತು. ಅವನನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಅವನಿಗೆ ಪ್ರೋಗ್ರಾಂ ಕೊಟ್ಟದ್ದು ಬರಿಯ ಸಂಖ್ಯೆ.

ಕ್ಲಿಪ್ಪರ್ ತಯಾರಕರಿಗೂ 32ರ ವಿಶೇಷ ಗೊತ್ತಿತ್ತು. ಅವರು ಕಳುಹಿಸುತ್ತಿದ್ದ ಎರರ್‌ಸಿಸ್.ಪಿಆರ್‌ಜಿ ಎಂಬ ಮೂಲ ಕೋಡನ್ನು ತೆರೆದು ನೋಡಿದರೆ, ಫೈಲು ತೆರೆಯುವಾಗಿನ ದೋಷ, ಅದರ ಓಎಸ್‌ಕೋಡ್ 32, ಮುಂದುವರಿಯಲು ಅವಕಾಶ ಇದೆ, ಈ ಮೂರೂ ಕೂಡಿಬಂದಾಗ ಪರದೆಯಲ್ಲಿ ಏನೂ ತೋರಿಸದೆ ನೆಟ್‌ಎರ್ ಎಂಬ ಫ್ಲ್ಯಾಗನ್ನು ನಿಜ ಎಂದು ಮಾಡಿ ಪ್ರೋಗ್ರಾಂಗೆ ಮರಳುತ್ತದೆ. ಟೇಬಲ್ ತೆರೆಯುವ ಯೂಸ್ ಆಜ್ಞೆಯ ನಂತರ ಪ್ರೋಗ್ರಾಮರು ಆ ಫ್ಲ್ಯಾಗನ್ನು ನೋಡಿ, ಮತ್ತೆ ಪ್ರಯತ್ನಿಸಬೇಕು ಎಂಬುದು ಉದ್ದೇಶ. ಒಳ್ಳೆಯ ಏರ್ಪಾಡು. ಒಂಟಿ ಯಂತ್ರಕ್ಕೆಂದು ಬರೆದ ಕೋಡನ್ನು ಆಮೇಲೆ ನೆಟ್‌ವರ್ಕಿಗೆ ಹಾಕಿದ ಕಡೆಗಳಲ್ಲಿ ಮಾತ್ರ ಆ ಫ್ಲ್ಯಾಗನ್ನು ಯಾರೂ ನೋಡುವುದಿಲ್ಲ. ಫೈಲು ತೆರೆದಿಲ್ಲ, ಪ್ರೋಗ್ರಾಂಗೆ ಅದು ತಿಳಿದಿಲ್ಲ. ಮುಂದಿನ ಸಾಲಿನಲ್ಲಿ ಫೀಲ್ಡಿನ ಹೆಸರು ಬಂದಾಗ, ಅಂಥ ವೇರಿಯಬಲ್ ಇಲ್ಲ ಎಂದು ಬೇಸ್/1003 ಬಂದು ನಿಲ್ಲುತ್ತದೆ. ನೋಡುವವರು ಫೀಲ್ಡಿನ ಹೆಸರಿನಲ್ಲಿ ತಪ್ಪು ಹುಡುಕುತ್ತಾರೆ, ಟೇಬಲ್ಲಿನ ರಚನೆ ನೋಡುತ್ತಾರೆ, ಎಲ್ಲ ಸರಿಯಾಗಿರುತ್ತದೆ. ಕೆಟ್ಟದ್ದು ಒಂದು ಸಾಲು ಹಿಂದೆ, ಸದ್ದಿಲ್ಲದೆ. ಬೇಸ್/1003 ಬಂದಾಗ ಅದೇ ಟೇಬಲ್ಲಿನ ಯೂಸ್ ಎಲ್ಲಿದೆ, ಅದರ ಕೆಳಗೆ ನೆಟ್‌ಎರ್ ಇದೆಯೇ ಎಂದು ನಾನು ಮೊದಲು ನೋಡುತ್ತೇನೆ. ಇದೇ ಎರರ್‌ಸಿಸ್, ಸೊನ್ನೆಯಿಂದ ಭಾಗಿಸಿದಾಗಲೂ ಏನೂ ಹೇಳದೆ ಸೊನ್ನೆಯನ್ನೇ ಉತ್ತರವಾಗಿ ಕೊಡುತ್ತದೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಬಡ್ಡಿ ಲೆಕ್ಕದ ಕೋಡು ನೋಡಿಕೊಳ್ಳುವವರು ಇದನ್ನು ತಿಳಿದಿರಬೇಕು.

ಓಎಸ್‌ಕೋಡ್ 5ಕ್ಕೆ ಈ ಸವಲತ್ತು ಇಲ್ಲ. ಅದು ನೇರವಾಗಿ ಪರದೆಗೆ ಬರುತ್ತದೆ. ಐದರ ಹಿಂದೆ ಇರಬಹುದಾದ ಕಾರಣಗಳಷ್ಟು ಬೇರೆ ಯಾವ ಸಂಖ್ಯೆಗೂ ಇಲ್ಲ. ಫೈಲಿಗೆ ರೀಡ್-ಓನ್ಲಿ ಗುರುತು ಇರಬಹುದು. ಹಳೆಯ ವಿಂಡೋಸ್‌ಗಳಲ್ಲಿ ಸಿಡಿಯಿಂದ ನಕಲು ಮಾಡಿದ ಫೈಲುಗಳಿಗೆ ಆ ಗುರುತು ಅಂಟಿಕೊಂಡೇ ಬರುತ್ತಿತ್ತು, ಬ್ಯಾಕಪ್ ಸಿಡಿಯಿಂದ ಡೇಟಾ ಹಿಂದಕ್ಕೆ ತಂದ ಮರುಗಳಿಗೆಯೇ 5 ಬರುತ್ತಿತ್ತು, ಅಟ್ರಿಬ್ ಆಜ್ಞೆ ಕೊಟ್ಟು ಗುರುತು ತೆಗೆದರೆ ಮುಗಿಯಿತು. ಕೊಟ್ಟ ಹೆಸರು ಫೈಲಿನದಾಗಿರದೆ ಫೋಲ್ಡರಿನದಾಗಿರಬಹುದು. ಸರ್ವರಿನಲ್ಲಿ ಆ ಬಳಕೆದಾರರಿಗೆ ಬರೆಯುವ ಹಕ್ಕು ಇರದಿರಬಹುದು.

ಇವೆಲ್ಲ ಹುಡುಕಿದರೆ ಸಿಗುವ ಕಾರಣಗಳು. ಹುಡುಕಿದರೂ ಕಣ್ಣಿಗೆ ಬೀಳದ ಒಂದು ಕಾರಣವಿದೆ. ಡಾಸ್‌ನ ಫ್ಯಾಟ್-16 ಎಂಬ ಪದ್ಧತಿಯ ಹಾರ್ಡ್ ಡಿಸ್ಕಿನಲ್ಲಿ ಮೂಲ ಡೈರೆಕ್ಟರಿಗೆ ಮೀಸಲಾದ ಜಾಗ ನಿಗದಿಯಾದದ್ದು. ಸಾಮಾನ್ಯವಾಗಿ ಅಲ್ಲಿ 512 ಹೆಸರುಗಳಿಗೆ ಮಾತ್ರ ಸ್ಥಳ, 1.44 ಎಂಬಿ ಫ್ಲಾಪಿಯಲ್ಲಾದರೆ 224ಕ್ಕೆ. ಅದು ಭರ್ತಿಯಾದ ಮೇಲೆ ಹೊಸ ಫೈಲು ಮಾಡಹೊರಟರೆ ಡಾಸ್ ಕೊಡುವುದು ಅದೇ 5, ಪ್ರವೇಶವಿಲ್ಲ ಎಂಬ ಉತ್ತರ. ಡಿಸ್ಕಿನಲ್ಲಿ ಬೇಕಾದಷ್ಟು ಎಂಬಿ ಖಾಲಿ ಇರುತ್ತದೆ. ಯಾವ ಫೈಲಿಗೂ ರೀಡ್-ಓನ್ಲಿ ಗುರುತು ಇರುವುದಿಲ್ಲ. ಇರುವ ಫೈಲುಗಳೆಲ್ಲ ಚೆನ್ನಾಗಿ ತೆರೆಯುತ್ತವೆ, ಬರೆಯುತ್ತವೆ. ಹೊಸದಾಗಿ ಇಂಡೆಕ್ಸ್ ಮಾಡಲು, ತಾತ್ಕಾಲಿಕ ಫೈಲು ಮಾಡಲು ಹೋದಾಗ ಮಾತ್ರ 5. ದಿನಕ್ಕೊಂದು ತಾರೀಖಿನ ಹೆಸರಿನ ಬ್ಯಾಕಪ್ ಫೈಲನ್ನು ಡ್ರೈವಿನ ಮೂಲದಲ್ಲೇ ಇಡುತ್ತಾ ಹೋಗುವ ಪ್ರೋಗ್ರಾಂಗಳು ಹಲವಿದ್ದವು. ಒಂದು ದಿನ ಅವು ತಾವಾಗಿ ನಿಂತುಹೋಗುತ್ತಿದ್ದವು. ಹಳೆಯ ಫೈಲು ತೆರೆಯುತ್ತದೆ, ಹೊಸದು ಹುಟ್ಟುವುದಿಲ್ಲ ಎಂಬ ಲಕ್ಷಣ ಕೇಳಿದರೆ ನಾನು ಹಕ್ಕುಗಳನ್ನು ಬಿಟ್ಟು ಡೈರೆಕ್ಟರಿಯಲ್ಲಿರುವ ಹೆಸರುಗಳನ್ನು ಎಣಿಸುತ್ತೇನೆ. ಇಲ್ಲಿ ದಾರಿ ತೋರಿಸಿದ್ದು ಸಂಖ್ಯೆಯಲ್ಲ, ಯಾವ ಕೆಲಸ ಮಾಡುವಾಗ ಅದು ಬಂತು ಎಂಬ ವಿವರ.

ನಾಲ್ಕರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಪ್ರಾಮಾಣಿಕ ಸಂಖ್ಯೆ. ಡಾಸ್ ಪ್ರತಿ ಪ್ರೋಗ್ರಾಂಗೆ 20 ಹ್ಯಾಂಡಲುಗಳ ಕೋಷ್ಟಕ ಕೊಡುತ್ತದೆ, ಅವುಗಳಲ್ಲಿ ಮೊದಲ ಐದು ಕೀಬೋರ್ಡ್, ಪರದೆ, ಪ್ರಿಂಟರ್ ಮುಂತಾದವುಗಳಿಗೆ ಹೋಗುತ್ತವೆ, ಉಳಿದದ್ದು 15. ಕ್ಲಿಪ್ಪರಿನಲ್ಲಿ ಪ್ರತಿ ಇಂಡೆಕ್ಸೂ ಒಂದು ಪ್ರತ್ಯೇಕ ಎನ್‌ಟಿಎಕ್ಸ್ ಫೈಲು. ನಾಲ್ಕು ಇಂಡೆಕ್ಸು, ಒಂದು ಮೆಮೊ (ಉದ್ದ ಬರಹದ ಪ್ರತ್ಯೇಕ ಫೈಲು) ಇರುವ ಟೇಬಲ್ ತೆರೆದರೆ ಆರು ಹ್ಯಾಂಡಲ್ ಮುಗಿಯಿತು. ಅಂಥ ಮೂರು ಟೇಬಲ್ಲಿಗೆ 15 ಸಾಲದು. ಡಾಸ್ 3.3 ಈ ಮಿತಿಯನ್ನು ಏರಿಸುವ ದಾರಿ ಕೊಟ್ಟಿತು. ಡಾಸ್ ಆರಂಭವಾಗುವಾಗ ಓದುವ ಕಾನ್ಫಿಗ್.ಸಿಸ್‌ನಲ್ಲಿ ಫೈಲ್ಸ್ ಸಾಲನ್ನೂ ಕ್ಲಿಪ್ಪರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನೂ ಒಟ್ಟಿಗೆ ಏರಿಸಬೇಕು. ಒಂದನ್ನೇ ಏರಿಸಿದವರಿಗೆ 4 ಹೋಗುವುದಿಲ್ಲ.

ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಸೊನ್ನೆ.

ಎಫ್‌ಎರರ್ ಸೊನ್ನೆ ಎಂದರೆ ಎಲ್ಲ ಸರಿಯಾಗಿದೆ ಎಂದು ಕೈಪಿಡಿ ಹೇಳುತ್ತದೆ. ಆದರೆ ಡಾಸ್‌ನಲ್ಲಿ ಡಿಸ್ಕ್ ತುಂಬಿದಾಗ ಬರೆಯುವ ಕೆಲಸದ ವರ್ತನೆ ಹೀಗಿದೆ: ನೀವು 512 ಬೈಟ್ ಬರೆಯಲು ಕೇಳುತ್ತೀರಿ, ಡಿಸ್ಕಿನಲ್ಲಿ ಜಾಗ ಇಲ್ಲ, ಡಾಸ್ ಹಿಡಿಸಿದಷ್ಟನ್ನು ಬರೆದು ಎಎಕ್ಸ್‌ನಲ್ಲಿ ಬರೆದ ಬೈಟುಗಳ ಸಂಖ್ಯೆಯನ್ನು ಇಟ್ಟು ಮರಳುತ್ತದೆ. ಕ್ಯಾರಿ ಫ್ಲ್ಯಾಗ್ ಏಳುವುದೇ ಇಲ್ಲ. ಡಾಸ್‌ನ ದೃಷ್ಟಿಯಲ್ಲಿ ಇದು ದೋಷವಲ್ಲ, ಕೇಳಿದ್ದಕ್ಕಿಂತ ಕಡಿಮೆ ನಡೆದ ಕೆಲಸ ಅಷ್ಟೇ. ಆದ್ದರಿಂದ ಎಫ್‌ಎರರ್ ಕೇಳಿದರೆ ಸೊನ್ನೆ. ಎಫ್‌ರೈಟ್ ಹಿಂದಕ್ಕೆ ಕೊಡುವ ಸಂಖ್ಯೆಯನ್ನು ನೀವು ಕೇಳಿದ ಸಂಖ್ಯೆಯ ಜೊತೆ ಹೋಲಿಸಿದರೆ ಮಾತ್ರ ನಡೆದದ್ದು ತಿಳಿಯುತ್ತದೆ. ಹಳೆಯ ಕೋಡಿನಲ್ಲಿ ನಾನು ಕಾಣುವುದು ಬಹುಮಟ್ಟಿಗೆ ಹೀಗೆ: ಎಫ್‌ರೈಟ್ ಒಂದು ಸಾಲು, ಅದರ ಉತ್ತರವನ್ನು ಯಾವ ವೇರಿಯಬಲ್ಲಿಗೂ ಹಾಕಿಲ್ಲ, ಕೆಳಗೆ ಎಫ್‌ಎರರ್ ಸೊನ್ನೆಯೇ ಎಂಬ ತಪಾಸಣೆ. ಬರೆದವರಿಗೆ ಎಚ್ಚರ ಇತ್ತು, ದೋಷ ನೋಡಬೇಕೆಂಬ ಶಿಸ್ತೂ ಇತ್ತು. ನೋಡಿದ ಜಾಗ ಬೇರೆ. ಬ್ಯಾಂಕಿಗೆ ಕಳುಹಿಸಬೇಕಾದ ಪಠ್ಯ ಫೈಲು ಅರ್ಧಕ್ಕೆ ತುಂಡಾಗಿ, "ಯಶಸ್ವಿ" ಎಂಬ ಸಂದೇಶದೊಂದಿಗೆ ಫ್ಲಾಪಿಯಲ್ಲಿ ಹೊರಟುಹೋಗುತ್ತಿದ್ದುದು ಹೀಗೆ.

ಓದುವ ಹೊತ್ತೂ ಮುಖ್ಯ. ಎಫ್‌ಎರರ್ ಕೊನೆಯ ಫೈಲ್ ಕೆಲಸದ ಫಲಿತಾಂಶವನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಎಫ್‌ಓಪನ್ ಸೋತು ಮೈನಸ್ ಒಂದು ಕೊಟ್ಟಿತು ಎನ್ನಿ. ಆಗ ಪ್ರೋಗ್ರಾಂ ದೋಷವನ್ನು ದಾಖಲಿಸಲೆಂದು ಇನ್ನೊಂದು ಲಾಗ್ ಫೈಲನ್ನು ಎಫ್‌ಓಪನ್‌ನಿಂದ ತೆರೆಯುತ್ತದೆ, ಅದು ತೆರೆಯುತ್ತದೆ, ಆಮೇಲೆ ಎಫ್‌ಎರರ್ ಕೇಳಿ ಬರೆಯುತ್ತದೆ. ಲಾಗ್‌ನಲ್ಲಿ ಬೀಳುವುದು ಸೊನ್ನೆ. ಲಾಗ್ ಫೈಲಿನ ತುಂಬ "ಫೈಲ್ ತೆರೆಯಲಿಲ್ಲ, ಕಾರಣ 0" ಎಂಬ ಸಾಲುಗಳನ್ನು ಕಂಡರೆ ನಡೆದದ್ದು ಇದೇ ಎಂದು ಧೈರ್ಯವಾಗಿ ಹೇಳಬಹುದು. ಸೋತ ಸಾಲಿನ ಮರುಸಾಲಿನಲ್ಲೇ ಆ ಸಂಖ್ಯೆಯನ್ನು ಒಂದು ವೇರಿಯಬಲ್ಲಿಗೆ ಎತ್ತಿಟ್ಟುಕೊಂಡರೆ ಈ ತೊಂದರೆ ಇಲ್ಲ.

ಸೊನ್ನೆಯ ಇನ್ನೊಂದು ಮುಖವನ್ನು ನಮ್ಮ ಕರೆಂಟು ತೋರಿಸಿಕೊಟ್ಟಿತು. ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಯುಪಿಎಸ್ ಬ್ಯಾಟರಿ ಸತ್ತ ಕಚೇರಿಗಳಲ್ಲಿ ಯಂತ್ರ ನಡುಮಧ್ಯೆ ಆರಿಹೋಗುತ್ತಿತ್ತು. ಮತ್ತೆ ಹಾಕಿದಾಗ ಟೇಬಲ್ ತೆರೆಯುತ್ತದೆ, ಯಾವ ದೋಷವೂ ಇಲ್ಲ, ಆದರೆ ಕೊನೆಯ ಕೆಲವು ನಮೂದುಗಳು ಕಾಣುವುದಿಲ್ಲ. ಟೇಬಲ್ಲಿನ ಡಿಬಿಎಫ್ ಫೈಲನ್ನು, ಬೈಟುಗಳನ್ನೇ ತೋರಿಸುವ ಹೆಕ್ಸ್ ವ್ಯೂವರಿನಲ್ಲಿ ತೆರೆದರೆ ವಿಷಯ ಸ್ಪಷ್ಟ. ಮೊದಲ ಬೈಟು ಫೈಲಿನ ಬಗೆ. ಮುಂದಿನ ಮೂರು, ಕೊನೆಯ ಬಾರಿ ಬದಲಾದ ದಿನದ ವರ್ಷ, ತಿಂಗಳು, ತಾರೀಖು. ಅದರ ಮುಂದಿನ ನಾಲ್ಕು ಬೈಟುಗಳು ಒಟ್ಟು ರೆಕಾರ್ಡುಗಳ ಸಂಖ್ಯೆ, ಕೆಳಗಿನ ಬೈಟು ಮೊದಲು ಬರುವ ಕ್ರಮದಲ್ಲಿ. ಆಮೇಲೆ ಎರಡು ಬೈಟು ಹೆಡರಿನ (ಫೈಲಿನ ಈ ತಲೆಭಾಗದ) ಉದ್ದ, ಎರಡು ಬೈಟು ಒಂದು ರೆಕಾರ್ಡಿನ ಉದ್ದ. ರೆಕಾರ್ಡುಗಳು ಡಿಸ್ಕಿಗೆ ಹೋಗಿವೆ, ಈ ನಾಲ್ಕು ಬೈಟುಗಳ ಹೊಸ ಎಣಿಕೆ ಹೋಗುವ ಮುಂಚೆ ಕರೆಂಟು ಹೋಗಿದೆ. ಫೈಲಿನ ಒಟ್ಟು ಗಾತ್ರದಿಂದ ಹೆಡರಿನ ಉದ್ದ ಕಳೆದು ರೆಕಾರ್ಡಿನ ಉದ್ದದಿಂದ ಭಾಗಿಸಿದರೆ ನಿಜವಾದ ಎಣಿಕೆ ಸಿಗುತ್ತದೆ. ಆರು ಫೀಲ್ಡುಗಳಿರುವ ಡಿಬೇಸ್ 3 ಪ್ಲಸ್ ಟೇಬಲ್ ಒಂದನ್ನು ಊಹಿಸಿಕೊಳ್ಳಿ: ಹೆಡರ್ 225 ಬೈಟು, ರೆಕಾರ್ಡ್ 84 ಬೈಟು, ಫೈಲಿನ ಗಾತ್ರ 1,01,026 ಬೈಟು. ಕೊನೆಯ ಒಂದು ಬೈಟು ಫೈಲ್ ಮುಗಿಯಿತೆಂಬ ಗುರುತು. ಉಳಿದದ್ದರಲ್ಲಿ ಸರಿಯಾಗಿ 1,200 ರೆಕಾರ್ಡುಗಳಿವೆ. ಹೆಡರ್ 1,193 ಎನ್ನುತ್ತಿದ್ದರೆ ಏಳು ನಮೂದುಗಳು ಅಲ್ಲೇ ಇವೆ, ಯಾರಿಗೂ ಕಾಣುತ್ತಿಲ್ಲ. ಆ ಸ್ಥಿತಿಯಲ್ಲಿ ಹೊಸ ನಮೂದು ಸೇರಿಸಿದರೆ ಅದು 1,194ನೆಯದರ ಮೇಲೆ ಕುಳಿತು ಹಳೆಯದನ್ನು ಅಳಿಸುತ್ತದೆ. ಈ ಹೋಲಿಕೆಯನ್ನು ಭಾಷೆಯೇ ಮಾಡಿ, ಟೇಬಲ್ ಕೆಟ್ಟಿದೆ ಎಂದು 2091 ಎಂಬ ಸಂಖ್ಯೆ ಕೊಡಲಾರಂಭಿಸಿದ್ದು ವಿಷುಯಲ್ ಫಾಕ್ಸ್‌ಪ್ರೊ 8ರಿಂದ. ಆ ಎರರ್ ಬಂದಾಗ ಅನೇಕರು ಅದನ್ನು ಶಪಿಸಿದರು, ತಪಾಸಣೆಯನ್ನೇ ಆರಿಸಿ ಮುಂದೆ ಹೋದರು. ಇಷ್ಟು ಪ್ರಯೋಜನದ ಇನ್ನೊಂದು ಎರರ್ ಫಾಕ್ಸ್‌ಪ್ರೊದಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಸಂಖ್ಯೆಗಳು ಡಾಸ್ ಜೊತೆ ಮುಗಿಯಲಿಲ್ಲ. ಇಂದಿನ ವಿಂಡೋಸ್‌ನಲ್ಲೂ ಫೈಲ್ ಸಿಗದಿದ್ದರೆ 2, ಪ್ರವೇಶವಿಲ್ಲದಿದ್ದರೆ 5, ಹಂಚಿಕೆಯ ತಕರಾರಿಗೆ 32. ಮಾತು ಹಾಗೆಯೇ ಇದೆ, ಮಾತಾಡುವವರು ಬದಲಾಗಿದ್ದಾರೆ. 32 ಈಗ ಪಕ್ಕದ ಕೋಣೆಯವರಿಂದ ಬರಬೇಕೆಂದಿಲ್ಲ, ಆಂಟಿವೈರಸ್ ಅಥವಾ ಫೋಲ್ಡರನ್ನು ಕ್ಲೌಡಿಗೆ ಏರಿಸುತ್ತಿರುವ ಪ್ರೋಗ್ರಾಂ ಫೈಲನ್ನು ಕ್ಷಣಕಾಲ ಹಿಡಿದಿರಬಹುದು. ಡಿಬಿಎಫ್ ಫೋಲ್ಡರನ್ನು ಅವೆರಡರಿಂದಲೂ ಹೊರಗಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

2 ಕೂಡ ಈಗ ನಂಬಿಕೆಗೆ ಪೂರ್ತಿ ಅರ್ಹವಲ್ಲ. ವಿಂಡೋಸ್ ವಿಸ್ಟಾದ ಜೊತೆ ಬಂದ, ನೆಟ್‌ವರ್ಕಿನಲ್ಲಿ ಫೈಲು ಹಂಚುವ ಎಸ್‌ಎಂಬಿ 2 ಪ್ರೋಟೋಕಾಲಿನಲ್ಲಿ, ಸರ್ವರಿನಲ್ಲಿ ಒಂದು ಫೈಲು ಇಲ್ಲ ಎಂಬ ಉತ್ತರವನ್ನು ನಮ್ಮ ಯಂತ್ರ ಕೆಲವು ಸೆಕೆಂಡು ನೆನಪಿಟ್ಟುಕೊಳ್ಳುತ್ತದೆ. ಬೇರೆ ಬದಲಾವಣೆ ಮಾಡದಿದ್ದರೆ ಅದು 5 ಸೆಕೆಂಡು. ಡೈರೆಕ್ಟರಿಯ ವಿವರಗಳನ್ನು 10 ಸೆಕೆಂಡು. ಒಂದು ಯಂತ್ರ ಬಿಲ್ ಫೈಲನ್ನು ಮಾಡಿಟ್ಟು, ಇನ್ನೊಂದು ಯಂತ್ರ ಅದಕ್ಕಾಗಿ ಪದೇ ಪದೇ ನೋಡುತ್ತಿರುವ ಹಳೆಯ ಪದ್ಧತಿಯ ಪ್ರೋಗ್ರಾಂಗಳಲ್ಲಿ, ಕಣ್ಣೆದುರಿಗಿರುವ ಫೈಲಿಗೆ 2 ಬರುತ್ತದೆ. ಅದು ಹೇಳಿದ್ದು ಸರ್ವರ್ ಅಲ್ಲ, ಪಕ್ಕದಲ್ಲಿರುವ ನೆನಪು. ವಿಸ್ಟಾದಲ್ಲೇ ಬಂದ ಇನ್ನೊಂದು ಏರ್ಪಾಡು 5ನ್ನೇ ಮುಚ್ಚಿಹಾಕಿತು. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಬರೆಯುವ ಹಕ್ಕಿಲ್ಲದ ಹಳೆಯ 32-ಬಿಟ್ ಪ್ರೋಗ್ರಾಂ ಅಲ್ಲಿ ಬರೆಯಹೊರಟರೆ, ವಿಂಡೋಸ್ ಎರರ್ ಕೊಡದೆ ಆ ಬಳಕೆದಾರರ ಸ್ವಂತ ವರ್ಚುವಲ್‌ಸ್ಟೋರ್ ಫೋಲ್ಡರಿಗೆ ನಕಲನ್ನು ತಿರುಗಿಸುತ್ತದೆ. ಬೆಳಗಿನ ಪಾಳಿಯವರು ಒಂದು ಹೆಸರಿನಲ್ಲಿ ಲಾಗಿನ್ ಆಗಿ ನಮೂದಿಸಿದ್ದು, ಮಧ್ಯಾಹ್ನದವರ ಲಾಗಿನ್‌ನಲ್ಲಿ ಕಾಣುವುದಿಲ್ಲ. ಇಬ್ಬರಿಗೂ ಸೊನ್ನೆಯೇ ಬಂದಿರುತ್ತದೆ. ಇಲ್ಲಿ 5 ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕ್ಲಿಪ್ಪರ್ ಕೋಡನ್ನು ಇಂದಿನ ಯಂತ್ರಗಳಿಗೆ ತರಲು ಹಾರ್ಬರ್ ಎಂಬ ಮುಕ್ತ ಕಂಪೈಲರ್ ಇದೆ, ನಾನು ಅದನ್ನೇ ಬಳಸುತ್ತೇನೆ. ಲಿನಕ್ಸ್‌ನಲ್ಲಿ ಅನುಮತಿ ಇಲ್ಲ ಎಂಬುದರ ಸಂಖ್ಯೆ 13. ಹಾರ್ಬರ್ ಅದನ್ನು ಡಾಸ್‌ನ 5ಕ್ಕೆ ತಿರುಗಿಸಿ ಎಫ್‌ಎರರ್‌ಗೆ ಕೊಡುತ್ತದೆ. ಮೂವತ್ತು ವರ್ಷ ಹಳೆಯ ಕೋಡು ಒಂದಕ್ಷರ ಬದಲಾಗದೆ ಅಲ್ಲಿ ನಡೆಯಲು ಈ ಅನುವಾದ ಕಾರಣ, ಅದನ್ನು ಮಾಡಿದವರ ಶ್ರಮ ದೊಡ್ಡದು. ಆದರೂ ನಡುವೆ ಇನ್ನೊಂದು ಬಾಯಿ ಸೇರಿಕೊಂಡಿತು ಎಂಬುದನ್ನು ಮರೆಯಬಾರದು.

ಒಂದು ಸಂಖ್ಯೆ ಸಾಲದು ಎಂಬುದನ್ನು ಡಾಸ್ ಬರೆದವರೇ ಬಹಳ ಬೇಗ ಮನಗಂಡಿದ್ದರು. ಡಾಸ್ 3.0ರಲ್ಲಿ 59 ಹೆಕ್ಸ್ ಎಂಬ ಕರೆ ಬಂತು. ಎರರ್ ಆದ ತಕ್ಷಣ ಅದನ್ನು ಕೇಳಿದರೆ ಸಂಖ್ಯೆಯ ಜೊತೆ ಇನ್ನೂ ಮೂರು ಸಂಗತಿ ಸಿಗುತ್ತದೆ: ದೋಷದ ವರ್ಗ, ಅದು ಹುಟ್ಟಿದ ಜಾಗ ಡಿಸ್ಕೋ ನೆಟ್‌ವರ್ಕೋ ಮೆಮೊರಿಯೋ ಎಂಬುದು, ಮತ್ತು ಏನು ಮಾಡಬೇಕೆಂಬ ಸಲಹೆ. ಸಲಹೆಗಳಲ್ಲಿ ಕೂಡಲೇ ಮತ್ತೆ ಪ್ರಯತ್ನಿಸಿ, ಸ್ವಲ್ಪ ತಡೆದು ಪ್ರಯತ್ನಿಸಿ, ಬಳಕೆದಾರರು ಏನಾದರೂ ಸರಿಪಡಿಸಿದ ಮೇಲೆ ಪ್ರಯತ್ನಿಸಿ, ಎಲ್ಲ ಮುಚ್ಚಿ ಹೊರಬನ್ನಿ ಎಂಬ ಬಗೆಗಳಿದ್ದವು. 1984ರಲ್ಲೇ ಇದ್ದ ಈ ಸೌಕರ್ಯವನ್ನು ಬಳಸಿದ ವ್ಯಾಪಾರಿ ಪ್ರೋಗ್ರಾಂ ನನ್ನ ಕೈಗೆ ಇದುವರೆಗೆ ಸಿಕ್ಕಿಲ್ಲ. ಸಿಗುವುದು "ಫೈಲ್ ಎರರ್, ಪ್ರೋಗ್ರಾಮರನ್ನು ಸಂಪರ್ಕಿಸಿ" ಎಂಬ ಒಂದೇ ಸಾಲು, ಜೊತೆಗೆ ಈಗ ಬಳಕೆಯಲ್ಲಿಲ್ಲದ ಆರಂಕಿಯ ಫೋನ್ ನಂಬರು.

ನಾನು ಕೈಹಾಕುವ ಪ್ರೋಗ್ರಾಂಗಳಲ್ಲಿ ಮೊದಲು ಮಾಡುವ ಬದಲಾವಣೆ ಆ ಸಾಲಿನದೇ. ಹೊಸ ಸಾಲಿನಲ್ಲಿ ಸಮಯ, ಯಂತ್ರದ ಹೆಸರು, ಮಾಡಹೊರಟ ಕೆಲಸ, ಫೈಲಿನ ಪೂರ್ತಿ ದಾರಿ, ಕೇಳಿದ್ದೆಷ್ಟು, ಆದದ್ದೆಷ್ಟು, ಸಂಖ್ಯೆ, ಆ ಸಂಖ್ಯೆಯನ್ನು ಹೇಳಿದ ಪದರದ ಹೆಸರು ಇರುತ್ತವೆ. ಉದ್ದವಾಗುತ್ತದೆ, ನೋಡಲು ಚೆಂದವಿಲ್ಲ, ಕಚೇರಿಯವರಿಗೆ ಮೊದಮೊದಲು ಓದಲು ಬೇಸರ. ಇತ್ತೀಚೆಗೆ ಒಂದು ಸಂಘದ ಗುಮಾಸ್ತರು ಅದನ್ನು ಫೋನಿನಲ್ಲಿ ಓದಿದರು: ಕೌಂಟರ್ ಯಂತ್ರ, ಎಫ್‌ರೈಟ್, ದಿನವಹಿಯ ಪಠ್ಯ ಫೈಲು, ಕೇಳಿದ್ದು 512, ಬರೆದದ್ದು 0, ಡಾಸ್ ಎರರ್ 0. "ಎರರ್ ಸೊನ್ನೆ ಅಂತಿದೆ ಸರ್, ಅಂದರೆ ಏನೂ ಆಗಿಲ್ಲ ತಾನೇ?" ಎಂದು ಕೇಳಿದರು. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡಿ ಹೇಳಿ, ಅಲ್ಲಿಯವರೆಗೆ ಯಾರೂ ಹೊಸ ನಮೂದು ಹಾಕಬೇಡಿ ಎಂದೆ.